ಒಬ್ಬಂಟಿಯಾಗಿ ಉಣ್ಣುವ ಹುಳಗಳು

ಪ್ರೀತಿಯ ಕಾಕಾ,

ಧಾರವಾಡದಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂತು ನಾನು ನಿಮಗೊಂದು ಮಾತು ಹೇಳಿದ್ದೆ. ಆ ಮಾತು ನಿಮಗೆ ಎಷ್ಟು ಸಮಾಧಾನ ಕೊಟ್ಟಿತ್ತೆಂದು ನಿಮ್ಮ ಮುಖವೇ ಹೇಳಿತ್ತು. ಅದಕ್ಕೇ ಇದನ್ನು ಬರೆಯಲು ಕೈ ಹಿಂಜರಿಯುತ್ತಿದೆ.

ಕಲ್ಲೋಳಿಯ ನಮ್ಮ ಮನೆಯ ಸಂಜೆಗಳು ನೆನಪಿವೆಯೇ? ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಜೈನರ ಮನೆಯಲ್ಲವೇ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂರುತ್ತಿದ್ದೆವು. ನೀವು ಮಾತ್ರ ತಾಟು ಹಿಡಿದು ಹಿತ್ತಲಿಗೆ ಹೋಗಿ, ನಮಗೆಲ್ಲ ಬೆನ್ನು ಮಾಡಿ ಕಟ್ಟೆಯ ಮೇಲೆ ಕೂತು ಉಣ್ಣುತ್ತಿದ್ದಿರಿ. ಅಜ್ಜ ದಿನಾ ಒಳಗಿನಿಂದಲೇ ಕೂಗುತ್ತಿದ್ದ: "ಯಾರ ಮ್ಯಾಲ ಸಿಟ್ಟೋ ಜಿನ್ನಪ್ಪಾ? ಹೊಟ್ಟ್ಯಾಗ ಏನ್ ಇಟ್ಕೊಂಡೀಯೋ?" ನೀವು ಉತ್ತರ ಕೊಟ್ಟಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ನೀವು ಮದುವೆಯಾಗಲಿಲ್ಲ, ಯಾರ ಮನೆಯ ಕಾರ್ಯಕ್ಕೂ ಹೋಗಲಿಲ್ಲ. ಊರಿನವರು ಅದಕ್ಕೂ ಸಿಟ್ಟು ಎಂದೇ ಹೆಸರಿಟ್ಟರು.

ಮೂಡಲಗಿಯಲ್ಲಿ ಸಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ನಾನು ನಿಮ್ಮ ಅಂಗಡಿಯಲ್ಲಿ ಕೂರುತ್ತಿದ್ದೆ. ನೀವು ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಿದ್ದಿರಿ. ಮಾತಿನಲ್ಲೂ ಅದೇ ತಾಳ್ಮೆ. ಒಂದೊಂದು ಶಬ್ದವನ್ನೂ ಬಾಯಲ್ಲಿ ಹಿಡಿದು, ತಡೆದು, ಆಮೇಲೆ ಬಿಡುತ್ತಿದ್ದಿರಿ. ಅದು ನಿಮ್ಮ ಗಂಭೀರ ಸ್ವಭಾವ ಎಂದುಕೊಂಡಿದ್ದೆ. ಹುಡುಗಿ ನಾನು, ನನಗೇನು ಗೊತ್ತಿತ್ತು...

ಧಾರವಾಡಕ್ಕೆ ಹೋಗಿ ಹುಳಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದ ದಿನ ಮನೆಯಲ್ಲಿ ರಂಪವಾಯಿತು. ನೆಲದೊಳಗಿನ ಜೀವಕ್ಕೆ ನೋವಾಗುತ್ತದೆಂದು ಗಡ್ಡೆಗೆಣಸನ್ನೂ ತಿನ್ನದ ಮನೆ. "ಹುಳಾ ಕೊಲ್ಲೂದು ಕಲ್ಯಾಕ ಹೊಂಟಾಳ" ಎಂದು ಅಪ್ಪ ಮಾತು ಬಿಟ್ಟರು. ನೀವು ನನ್ನನ್ನು ಹಿತ್ತಲಿಗೆ ಕರೆದು ಒಂದೇ ಪ್ರಶ್ನೆ ಕೇಳಿದಿರಿ: "ತ್ರಿಶಲಾ, ಅವು ಸಾಯ್ತಾವೇನ?" "ನೋಡೂದ ಹೆಚ್ಚರಿ ಕಾಕಾ. ಆದ್ರೂ ಕೆಲವು ಸಾಯ್ತಾವ್ರಿ" ಎಂದೆ. ನೀವು "ಖರೆ ಹೇಳಿದಿ. ಹೋಗು" ಎಂದಿರಿ. ಅಪ್ಪನನ್ನು ಹೇಗೆ ಒಪ್ಪಿಸಿದಿರೋ, ಇಂದಿಗೂ ತಿಳಿದಿಲ್ಲ.

ಒಂದು ಚಳಿಗಾಲದಲ್ಲಿ ನೀವು ಹೇಳದೆ ಕೇಳದೆ ಧಾರವಾಡಕ್ಕೆ ಬಂದಿರಿ, ಕೈಯಲ್ಲಿ ಒಂದು ಚೀಲ ಶೇಂಗಾ. ನಿಮ್ಮನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಎರಡು ಗಾಜಿನ ತಟ್ಟೆ ತೋರಿಸಿದೆ. ಎರಡರಲ್ಲೂ ಒಂದೇ ಜಾತಿಯ ದುಂಡುಹುಳ, ಎಳ್ಳಿಗಿಂತ ಚಿಕ್ಕವು. ಎರಡರಲ್ಲೂ ಒಂದೇ ಆಹಾರ, ಹಾಲಿನ ಕೆನೆಯಂತೆ ತೆಳ್ಳಗೆ ಹರಡಿದ ಬ್ಯಾಕ್ಟೀರಿಯಾ. ಒಂದು ತಟ್ಟೆಯ ಹುಳಗಳು ಕೆನೆಯ ಅಂಚಿನಲ್ಲಿ ಒಂದರ ಮೇಲೊಂದು ಬಿದ್ದು, ಗುಂಪುಗಟ್ಟಿ ಮೇಯುತ್ತಿದ್ದವು. ಇನ್ನೊಂದರಲ್ಲಿ ಪ್ರತಿ ಹುಳವೂ ತನ್ನಷ್ಟಕ್ಕೆ ತಾನು, ಬೇರೆ ಬೇರೆ.

"ಇವು ಯಾಕ ಒಂದೊಂದ ಅದಾವು?" ಎಂದಿರಿ, ಕಣ್ಣು ಎತ್ತದೆ.

"ಹುಟ್ಟುಗುಣಾರಿ ಕಾಕಾ. ಎರಡಕ್ಕೂ ಒಂದ ಜೀನಿನ್ಯಾಗ ಒಂದ ಅಕ್ಷರದಷ್ಟು ಫರಕ ಐತಿ. ಅಷ್ಟಕ್ಕ ಅವು ಕೂಡಿ ಉಣತಾವು, ಇವು ಒಬ್ಬಂಟಿ ಉಣತಾವು."

"ಅಂದ್ರ... ಇದು ಸಿಟ್ಟಲ್ಲ?"

"ಸಿಟ್ಟಲ್ರಿ."

ನೀವು ಮತ್ತೆ ಬಾಗಿ ಆ ಒಬ್ಬಂಟಿಗಳನ್ನೇ ನೋಡುತ್ತ ಕೂತಿರಿ. ಬಸ್ ನಿಲ್ದಾಣದಲ್ಲಿ ಹತ್ತುವ ಮುಂಚೆ, "ನಮ್ಮಪ್ಪ ಇದ್ದಿದ್ರ ಇದನ್ನ ಹೇಳತಿದ್ದೆ" ಎಂದಿರಿ. ಅಜ್ಜ ತೀರಿ ಆಗಲೇ ವರ್ಷಗಳಾಗಿದ್ದವು. ನೀವು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರು ಬೇಸಿಗೆಯಲ್ಲಿ ಅಂಗಡಿಯಲ್ಲೇ ನಿಮ್ಮ ಎದೆಬಡಿತ ನಿಂತಿತು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಮ್ಮ ಹೆಸರಿನಲ್ಲಿ ಊರಿಗೆ ಊಟ ಹಾಕಿದ ದಿನ ಪಡಸಾಲೆ ತುಂಬ ಜನ. ನಿಮಗದು ಹಿಡಿಸುತ್ತಿತ್ತೇ, ಕಾಕಾ?

ಈಗ ಗೋಕಾಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಒಂದು ಖೋಲಿ, ಒಬ್ಬಳೇ. ರವಿವಾರ ಯಾರ ಜೊತೆಗೂ ಮಾತಿಲ್ಲದೆ ಸಂಜೆಯಾಗುತ್ತದೆ. ಹೀಗೇ ಒಂದು ರವಿವಾರ ಓದುತ್ತಿದ್ದಾಗ ಆ ಹುಳಗಳ ಹೊಸ ಸುದ್ದಿ ಸಿಕ್ಕಿತು. ಬೇರೆ ಬೇರೆ ನಾಡಿನಿಂದ ಹಿಡಿದು ತಂದ ಕಾಡು ಹುಳಗಳನ್ನು ಪರೀಕ್ಷಿಸಿದರಂತೆ. ಅವುಗಳಲ್ಲಿ ಇದ್ದದ್ದು ಕೂಡಿ ಉಣ್ಣುವವುಗಳ ಜೀನೇ. ಒಬ್ಬಂಟಿ ಗುಣ ಹುಟ್ಟಿಕೊಂಡದ್ದು ಪ್ರಯೋಗಾಲಯದಲ್ಲಿ. ಮನುಷ್ಯರ ತಟ್ಟೆಗಳಲ್ಲಿ ತಲೆಮಾರುಗಟ್ಟಲೆ ಸಾಕಿಸಿಕೊಂಡಾಗ ಆ ಒಂದಕ್ಷರ ಬದಲಾಗಿ, ಅಲ್ಲಿಯ ಬಾಳಿಗೆ ಅದೇ ಒಗ್ಗಿ, ಉಳಿದುಬಿಟ್ಟಿತು. ನಿಮಗೆ ಹೇಳಿದ್ದು ಸುಳ್ಳಲ್ಲ, ಕಾಕಾ. ಆ ಹುಳಗಳಿಗೆ ಅದು ಹುಟ್ಟುಗುಣವೇ. ಆದರೆ ಅದು ಮಣ್ಣಿನಿಂದ ಬಂದದ್ದಲ್ಲ. ನಾವು ಇಟ್ಟ ಜಾಗದಿಂದ ಬಂದದ್ದು.

ಅವತ್ತೇ ಬಸ್ಸು ಹಿಡಿದು ಕಲ್ಲೋಳಿಗೆ ಹೋದೆ. ಹುಳದ ಲೆಕ್ಕ ಮನುಷ್ಯನಿಗೆ ಹಚ್ಚಬಾರದೆಂದು ವಿದ್ಯಾರ್ಥಿಗಳಿಗೆ ನಾನೇ ಹೇಳುತ್ತೇನೆ, ಆದರೂ ಮನಸ್ಸು ಕೇಳಲಿಲ್ಲ. ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು.

"ಅವ್ವಾ, ಕಾಕಾ ಮೊದಲಿಂದ್ಲೂ ಒಬ್ಬರ ಉಣತಿದ್ರೇನು?"

"ಎಲ್ಲಿ ಮೊದಲಿಂದ? ನಾ ಮದವ್ಯಾಗಿ ಬಂದಾಗ ನನ್ನ ಬಾಜೂಕ ಕುಂತು ಉಣತಿದ್ದ. ಸಣ್ಣಾಂವ ಇದ್ದ ಆಗ." ಮೊರದ ಮೇಲಿನ ಕೈ ನಿಂತಿತು. "ಹುಕ್ಕೇರ್ಯಾಗ ಒಂದು ಲಗ್ನಕ್ಕ ಹೋಗಿದ್ವಿ, ನಿಮ್ಮಜ್ಜ ಬಂದಿದ್ದಿಲ್ಲ. ಅಂವಗ ಮಾತು ತೊದಲತಿತ್ತು. ಪಂಗತಿನ್ಯಾಗ ಕುಂತು ತೊವ್ವಿ ಕೇಳಾಕ ಹ್ವಾದ. 'ತೊ... ತೊ...' ಅಂತ ಅಲ್ಲೇ ಸಿಕ್ಕೊಂಡ. ಯಾರೋ ಹಂಗ ಅಣಕಿಸಿದ್ರು. ಪಂಗತಿಗೆ ಪಂಗತಿನ ನಕ್ತು. ಅಂವ ಎದ್ದು ಹ್ವಾದ. ಮರದಿನದಿಂದ ತಾಟು ಹಿಡಕೊಂಡು ಹಿತ್ತಲಕ..."

ನಿಮ್ಮ ತಡೆದು ತಡೆದು ಬರುತ್ತಿದ್ದ ಮಾತುಗಳು ನನಗೆ ಆಗ ಅರ್ಥವಾದವು, ಕಾಕಾ. ನೀವು ತೊದಲನ್ನು ಗೆದ್ದಿದ್ದಿರಿ. ಹಿತ್ತಲಿನಿಂದ ಮಾತ್ರ ವಾಪಸು ಬರಲಿಲ್ಲ. ಆ ನಗುವಿಲ್ಲದಿದ್ದರೆ ನೀವು ನಮ್ಮ ನಡುವೆ ಕೂರುತ್ತಿದ್ದಿರೋ, ಅಥವಾ ಹೇಗಿದ್ದರೂ ಕಟ್ಟೆಯೇ ನಿಮಗೆ ಹಿತವಾಗಿತ್ತೋ? ಆ ಹುಳಗಳಲ್ಲಾದರೆ ಬದಲಾದ ಅಕ್ಷರ ಇದೇ ಎಂದು ತೋರಿಸಬಲ್ಲೆ. ನಿಮ್ಮಲ್ಲಿ...

ಅವ್ವ ಮತ್ತೆ ಜೋಳಕ್ಕೆ ಕೈ ಹಚ್ಚಲಿಲ್ಲ. "ಹೊಸ ಸೊಸಿ ನಾನು. ಎಲ್ಲಾರೂ ನಕ್ರಂತ ನಾನೂ ನಕ್ಕೆ. ಏಳೂಕಿಂತ ಮೊದಲ ಅಂವ ನನ್ನ ಮಾರಿ ನೋಡಿದ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ನನಗ ಎಷ್ಟು ಕೆಟ್ಟ ಅನಿಸಿತ್ತು ಅಂತ ಅಂವಗ ಗೊತ್ತಿತ್ತೇನ ತ್ರಿಶಲಾ?"

ನಾನು ಗೊತ್ತಿಲ್ಲವೆಂದೆ. ಈಗ ನಿಮಗೆ ಗೊತ್ತಾಗಲಿ, ಕಾಕಾ. ಅವಳು ಇನ್ನೂ ಅಳುತ್ತಾಳೆ.

ನಿಮ್ಮ
ತ್ರಿಶಲಾ