ಬೂಟು ಬಿಚ್ಚದ ಸಾಹೇಬ

ಸಿಂದಗಿ
೧೪ ಸೆಪ್ಟೆಂಬರ್ ೧೯೬೪

ಪ್ರೀತಿಯ ಸಗೀರಾ,

ಸಲಾಮ್. ತಪ್ಪು ಒಪ್ಪಿಕೊಳ್ಳದ ಗಂಡನ ಜೊತೆ ಬಾಳಲಾರೆನೆಂದು ನೀನು ನಾಲತವಾಡದ ತವರಿಗೆ ಹೋಗಿ ಎರಡು ವರ್ಷವಾಯಿತು. ನನ್ನ ಮೊದಲ ಪತ್ರದಲ್ಲಿ ಕ್ಷಮೆ ಇರಬೇಕಿತ್ತು, ಕೋಳಿ ಇದೆ. ಬ್ಲಾಕ್ ಆಫೀಸಿನ ಕೋಳಿ ಮೇಲ್ವಿಚಾರಕನ ಹಣೆಬರಹ.

ಯಂಕಂಚಿಯ ರೋಷನಬಿಗೆ ಆಗಸ್ಟ್‌ನಲ್ಲಿ ಸರಕಾರದ ನಲವತ್ತು ಬಿಳಿ ಕೋಳಿ ಪಿಳ್ಳೆಗಳನ್ನು ಕೊಟ್ಟಿದ್ದೆ. ಗಂಡ ತೀರಿದ ಹೆಂಗಸು. ಅವೇ ಅವಳ ಆಸರೆ. ಗೂಡಿಗೆ ಶೇಂಗಾ ಸಿಪ್ಪೆ ಹಾಸಿ, ದಿನಾ ಕೆದರಿ ಒಣಗಿಸುತ್ತಿದ್ದಳು. ‘ಒಣ ಹಾಸು, ಕೋಳಿಗೆ ಲೇಸು’ ಎಂದು ಪ್ರಾಸ ಕಟ್ಟಿದವನು ನಾನು, ಪಾಲಿಸಿದವಳು ಅವಳು.

ಈ ತಿಂಗಳ ಒಂದನೇ ತಾರೀಖು ಅದೇ ಊರಿನ ಬೀರಣ್ಣನ ಕೋಳಿಗೂಡು ನೋಡಿ ನೇರ ಅವಳಲ್ಲಿಗೆ ಹೋದೆ. ಅವನದು ಸೋರುವ, ಇಕ್ಕಟ್ಟಿನ ಗೂಡು. ದೊಡ್ಡ ಕೋಳಿ, ಸಣ್ಣ ಪಿಳ್ಳೆ ಎಲ್ಲ ಒಂದೇ ಹಿಕ್ಕೆಯ ಕೆಸರಿನಲ್ಲಿ. ರೋಷನಬಿ ಗೂಡಿನ ಬಾಗಿಲಲ್ಲೇ ತಡೆದು, “ಸಾಹೇಬ್ರ, ಬೂಟ ಹೊರಗ ಬಿಟ್ಟು ಬರ್ರಿ. ನನ್ನ ಪಿಳ್ಳಿಗೋಳಿಗೂ ಮರ್ಯಾದಿ ಐತಿ,” ಅಂದಳು. ನೆರೆಯವರು ನಕ್ಕರು. “ಸರಕಾರಿ ಬೂಟ ಐತಿ, ಇದಕ್ಕ ಎಲ್ಲಾ ಕಡೆ ಪರವಾನಗಿ,” ಎಂದು ಒಳಗೆ ನಡೆದೆ. ನಿಜ ಹೇಳಲೇ? ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದಿತ್ತು. ನೀನಿದ್ದಾಗ ನೀನೇ ಹೊಲಿದಿಡುತ್ತಿದ್ದೆ.

ಎಂಟು ದಿನದೊಳಗೆ ಪಿಳ್ಳೆಗಳು ರೆಕ್ಕೆ ಇಳಿಬಿಟ್ಟು ಮುದುಡಿದವು, ಹಿಕ್ಕೆಯಲ್ಲಿ ರಕ್ತ. ಮೂವತ್ತೊಂದು ಸತ್ತವು. ಗುರುವಾರ ಹೋಗಿ ನೋಡಿ, ‘ಒಡತಿಯ ನಿರ್ಲಕ್ಷ್ಯ’ ಎಂದು ವರದಿ ಬರೆದೆ. ಮರುದಿನವೇ ಆಫೀಸಿನವರು ಪಿಳ್ಳೆ ಕೊಡುವವರ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು.

ಶನಿವಾರ ದನದ ಡಾಕ್ಟರು ಅವಳ ಅಂಗಳದಲ್ಲೇ ಸತ್ತ ಪಿಳ್ಳೆಯ ಕರುಳು ಸೀಳಿ ತೋರಿಸಿದರು. ಕಣ್ಣಿಗೆ ಕಾಣದ ಒಂದು ಜೀವಿ ತರುವ ರೋಗವಂತೆ. ಆ ಜೀವಿ ಹಿಕ್ಕೆಯೊಡನೆ ಬಿದ್ದು ತೇವದಲ್ಲಿ ಬಲಿಯುತ್ತದೆ. ದೊಡ್ಡ ಕೋಳಿ ತಡೆದುಕೊಳ್ಳುತ್ತದೆ, ಪಿಳ್ಳೆ ಸಾಯುತ್ತದೆ. “ಇಷ್ಟು ಒಣಾ ಗೂಡಿಗೆ ಹೆಂಗ ಬಂತ್ರಿ ಇದು? ಯಾರರ ಕಾಲಾಗ ತಂದಾರ,” ಎಂದರು. ನಾನು ನನ್ನ ಬೂಟು ನೋಡಿಕೊಂಡೆ. ರೋಷನಬಿಯೂ ಅದನ್ನೇ ನೋಡಿದಳು.

ಇಂದು ವರದಿ ತಿದ್ದಿದೆ. ಕಾರಣ: ಮೇಲ್ವಿಚಾರಕನ ಬೂಟು. ಆಮೇಲೆ ಅವಳ ಬಾಗಿಲ ಹೊರಗೆ ಬರಿಗಾಲಲ್ಲಿ ನಿಂತು, ಹೊಸ ಪಿಳ್ಳೆ ಕೊಡಿಸುತ್ತೇನೆ ಎಂದೆ. “ಪಿಳ್ಳಿ ಬ್ಯಾಡ್ರಿ, ನೀವೂ ಬರಬ್ಯಾಡ್ರಿ,” ಅಂದಳು. ಪ್ರಾಸ ಸರಿಯಾಗಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಪ್ರಾಸ ಕೇಳಿ ತಲೆ ತಗ್ಗಿಸಿದೆ.

ನಿನ್ನ,
ಕುತುಬುದ್ದೀನ

ತಾ.ಕ.: ಆ ಗುರುವಾರ ವರದಿ ಬರೆದ ಮೇಲೆ ಮನಸ್ಸು ತಡೆಯದೆ ಬಸ್ಸು ಹತ್ತಿ ನಾಲತವಾಡಕ್ಕೆ ಬಂದಿದ್ದೆ. ನೀನು ಬೆನ್ನು ತಿರುಗಿಸಿ ಪಾತ್ರೆ ತಿಕ್ಕುತ್ತಿದ್ದೆ. ಕರೆಯುವ ಧೈರ್ಯವಾಗಲಿಲ್ಲ. ನಿನ್ನ ಕೋಳಿಗೂಡಿನ ಹತ್ತಿರ, ಪಿಳ್ಳೆಗಳ ನಡುವೆ, ತುಂಬ ಹೊತ್ತು ನಿಂತಿದ್ದೆ. ಅದೇ ಬೂಟು. ಡಾಕ್ಟರು ಕೊಟ್ಟ ಪುಡಿ ಲಕೋಟೆಯಲ್ಲಿದೆ, ಪಿಳ್ಳೆಗಳು ಕುಡಿಯುವ ನೀರಿಗೆ ಹಾಕು. ನಾನೇ ತರಬಹುದಿತ್ತು, ಈಗ ಯಾರ ಅಂಗಳಕ್ಕೂ ಕಾಲಿಡಲು ಹೆದರಿಕೆ.