ತಲೆಕೆಳಗಾದ ಹಕ್ಕಿಗಳು

ಮಾರ್ಚ್ 9, ಭಾನುವಾರ. ಮಧ್ಯಾಹ್ನ, ನಿನ್ನ ಹೊಲಿಗೆ ಯಂತ್ರದ ಮುಂದೆ.

ಅಮ್ಮ,

ಹಕ್ಕಿಗಳ ಚಿತ್ತಾರವಿದ್ದ ಬಟ್ಟೆಯಲ್ಲಿ ನನಗೊಂದು ಅಂಗಿ ಹೊಲಿದುಕೊಂಡೆ. ಇಂದು ಅದನ್ನು ಹಾಕಿಕೊಂಡು ಹೊರಬಂದರೆ ಮಗಳು ಬಿದ್ದು ಬಿದ್ದು ನಕ್ಕಳು.

"ಏನಮ್ಮಾ, ಹಕ್ಕಿಗಳಿಗೆಲ್ಲ ಶೀರ್ಷಾಸನ ಹಾಕಿಸಿದೀಯಾ?"

ಕನ್ನಡಿ ನೋಡಿದೆ. ಮುಂಭಾಗವನ್ನು ಬಟ್ಟೆ ತಿರುಗಿಸಿಟ್ಟು ಕತ್ತರಿಸಿಬಿಟ್ಟಿದ್ದೆ. ಒಂದು ಹಕ್ಕಿಯೂ ನೇರವಾಗಿರಲಿಲ್ಲ. ಮೂರು ದಿನ ಕೈಯಲ್ಲೇ ಇದ್ದ ಬಟ್ಟೆ, ಇಸ್ತ್ರಿ ಮಾಡಿದ್ದೂ ನಾನೇ. ನನಗೆ ಕಾಣಲೇ ಇಲ್ಲ.

ನಿನ್ನ ಹೂವಿನ ಅಂಗಿ ನೆನಪಾಯಿತು. ನಲವತ್ತು ವರ್ಷ ಹೊಲಿದ ನೀನು ಹೂಗಳನ್ನೆಲ್ಲ ತಲೆಕೆಳಗು ಮಾಡಿದ್ದೆ. ಆಗ ನಿನಗೆ ಐವತ್ತಾರು, ಈಗ ನನಗಿರುವಷ್ಟೇ ವಯಸ್ಸು. "ಕನ್ನಡಕ ಅಡವಿಟ್ಟಿದೀಯಾ?" ಎಂದು ನಾನು ನೆಂಟರೆದುರೇ ಕೇಳಿದ್ದೆ. ನೀನೂ ಎಲ್ಲರ ಜೊತೆ ನಕ್ಕೆ. ಆಮೇಲೆ ಒಳಗೆ ಹೋಗಿ, ಒಬ್ಬಳೇ ಹೊಲಿಗೆ ಬಿಚ್ಚುತ್ತಾ ಕೂತೆ. ಆ ವರ್ಷ ಮುಗಿಯುವಷ್ಟರಲ್ಲಿ ನನ್ನನ್ನೇ "ಯಾರಮ್ಮ ನೀನು?" ಎಂದು ಕೇಳಿದೆ.

ಇವತ್ತು ನಾನೂ ನಕ್ಕೆ. ಆಮೇಲೆ ಒಳಗೆ ಬಂದು, ಹೊಲಿಗೆ ಬಿಚ್ಚಲು ಕತ್ತರಿ ಎತ್ತಿಕೊಂಡು, ಮತ್ತೆ ಕೆಳಗಿಟ್ಟೆ.

ಈ ಹೊಲಿಗೆ ಬಿಚ್ಚುವುದಿಲ್ಲ. ನಾಳೆ ಬೆಳಿಗ್ಗೆ ಇದನ್ನೇ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಡಾಕ್ಟರ ಬಳಿ ಹೋಗುತ್ತೇನೆ. ಅವಳಿಗೆ ಇನ್ನೂ ಹೇಳಿಲ್ಲ.