ಹನ್ನೊಂದು ಗಂಟೆಯ ದಾರಿ

೧೪ನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕನಿಗೆ,

ದೇವರು ನಿನ್ನನ್ನು ಚೆನ್ನಾಗಿಟ್ಟಿದ್ದಾನೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ತಡವಾದದ್ದಕ್ಕೆ ಆಮೇಲೆ ಬೈಯುವೆಯಂತೆ, ಮೊದಲು ಸುದ್ದಿ ಕೇಳು. ನಾನು ಗೆದ್ದಿದ್ದೇನೆ.

ಬಣ್ಣದ ಮೀನು ಕಟ್ಟುವುದು ನನ್ನ ಕೆಲಸವೆಂದು ನಿನಗೆ ಗೊತ್ತಲ್ಲ. ಚೀಲಕ್ಕೆ ಒಂದು ಪಾಲು ನೀರು, ಎರಡು ಪಾಲು ಆಮ್ಲಜನಕ ತುಂಬಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತೇವೆ. ದಾರಿ ಉದ್ದವಾದಷ್ಟೂ ಚೀಲಕ್ಕೆ ಕಡಿಮೆ ಮೀನು. ಹೋದ ವಾರ ಮೊದಲ ಸಲ ನಿಮ್ಮ ಊರಿಗೇ ಎಂಟು ನೂರು ಮೀನು ಹೋಗಬೇಕಿತ್ತು. ಇದು ಕೆಟ್ಟರೆ ಶೆಡ್ಡಿಗೆ ಬೀಗವೇ ಎಂದು ಯಜಮಾನರು ಹೇಳಿದ್ದರು. ಒಂಬತ್ತು ಹೆಂಗಸರ ಅನ್ನ ಅದು.

ಹಿಂದಿನ ದಿನ ಮ್ಯಾನೇಜರ್ ಗೋಡೆಗೆ ಚೀಟಿ ಅಂಟಿಸಿದರು. ವಿಮಾನ ಹೊರಡುವುದು ಬೆಳಿಗ್ಗೆ ಹತ್ತಕ್ಕೆ, ಇಳಿಯುವುದು ಸಂಜೆ ನಾಲ್ಕೂವರೆಗೆ, ಹಾರಾಟ ಆರೂವರೆ ಗಂಟೆ, ಚೀಲಕ್ಕೆ ನಲವತ್ತು ಮೀನು. ಓದಿದವಳೇ ಅವರನ್ನು ತಡೆದೆ.

"ಸಾರ್, ಆರೂವರೆ ಅಲ್ಲ, ಹನ್ನೊಂದು ಗಂಟೆ," ಎಂದೆ.

"ಚೀಟಿ ಓದೋಕೆ ಬರುತ್ತಾ ನಿಮಗೆ?"

"ಏಳನೇ ಕ್ಲಾಸು ಓದಿದೀನಿ ಸಾರ್. ನಮ್ಮಕ್ಕ ಆ ಊರಲ್ಲೇ ಇರೋದು. ನಾನಿಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳಲ್ಲಿ ಹಲ್ಲುಜ್ತಿರ್ತಾಳೆ. ಅಲ್ಲಿ ಸಂಜೆ ನಾಲ್ಕೂವರೆ ಅಂದ್ರೆ ಇಲ್ಲಿ ರಾತ್ರಿ ಒಂಬತ್ತು."

"ಬಂದ್ಲಪ್ಪ ಪೈಲಟಮ್ಮ," ಎಂದಳು ಪಕ್ಕದಲ್ಲಿ ನೀರು ತುಂಬುತ್ತಿದ್ದವಳು. ಎಲ್ಲರೂ ನಕ್ಕರು. ನಾನು ಬಿಡಲಿಲ್ಲ.

"ಎಂಟು ಸಾವಿರದ ನಾನೂರು ಕಿಲೋಮೀಟರ್ ಅಂತ ನೀವೇ ಬರ್ದಿದೀರಿ. ಹೋದ ತಿಂಗಳು ನಾಲ್ಕು ಸಾವಿರಕ್ಕೇ ಐದೂವರೆ ಗಂಟೆ ಹಿಡೀತಲ್ಲ?"

"ಚೀಲ ಹೆಚ್ಚಾದ್ರೆ ಯಜಮಾನ್ರಿಗೆ ಏನ್ ಹೇಳ್ಲಿ?"

"ಸತ್ತ ಮೀನು ಇಟ್ಕೊಂಡು ಹೇಳೋದಕ್ಕಿಂತ ಸುಲಭ."

ಅವರು ವಿಮಾನದವರಿಗೆ ಫೋನ್ ಮಾಡಿದರು. ಇಡುವಾಗ ಮುಖ ಇಷ್ಟೇ ಇಷ್ಟಾಗಿತ್ತು. ಇಪ್ಪತ್ತೈದರಂತೆ ಮೂವತ್ತೆರಡು ಚೀಲ ಕಟ್ಟಿದೆವು. ಒಂದೊಂದರ ಬಾಯಿ ಬಿಗಿಯುವಾಗಲೂ ದೇವರ ಹೆಸರು ಹೇಳಿದೆ. ಸುದ್ದಿ ಬಂತು: ಎಂಟು ನೂರರಲ್ಲಿ ಸತ್ತದ್ದು ಎರಡೇ. ಯಜಮಾನರು ಶೆಡ್ಡಿಗೆ ಬಂದು, "ಇನ್ಮೇಲೆ ದಾರಿ ಲೆಕ್ಕ ಈ ಯಮ್ಮನೇ ನೋಡ್ಲಿ," ಎಂದರು. ಮ್ಯಾನೇಜರೇ ತಮ್ಮ ಕುರ್ಚಿ ತಂದು ಹಾಕಿದರು. ಸಂಕೋಚಪಟ್ಟೆ ಅಂದುಕೊಳ್ಳಬೇಡ, ಚೆನ್ನಾಗಿ ಒರಗಿ ಕೂತೆ.

ಭಾವನಿಗೆ ನಮಸ್ಕಾರ. ನಿನ್ನ ಮೊಮ್ಮಗಳಿಗೆ ದೇವರು ಆಯುಸ್ಸು, ಬುದ್ಧಿ ಎರಡನ್ನೂ ಧಾರಾಳವಾಗಿ ಕೊಡಲಿ.

ನಿನ್ನ ತಂಗಿ

ವಿ. ಸೂ.: ಮ್ಯಾನೇಜರರ ತಪ್ಪನ್ನು ನೋಡಿದ ತಕ್ಷಣ ಹಿಡಿದದ್ದು ಹೇಗೆಂದರೆ, ಅದೇ ತಪ್ಪನ್ನು ನಾನೂ ಮಾಡಿದ್ದೆ. ಅಮ್ಮ ಹೋದ ದಿನ ನೀನು ಫೋನಿನಲ್ಲಿ, ಬೆಳಿಗ್ಗೆ ಐದಕ್ಕೆ ವಿಮಾನ, ಹನ್ನೊಂದು ಗಂಟೆ ದಾರಿ ಎಂದೆ. ಆ ದುಃಖದಲ್ಲಿ ನಿಮ್ಮೂರಿನ ಐದನ್ನು ನಮ್ಮ ಗಡಿಯಾರದ ಐದೆಂದೇ ಕೂಡಿಸಿ, ಸಂಜೆ ನಾಲ್ಕಕ್ಕೆ ಇಳಿಯುತ್ತೀ ಎಂದುಕೊಂಡೆ. ಆರಾದರೂ ನೀನಿಲ್ಲ. ನಾಳೆವರೆಗೂ ಕಾಯೋಣ ಎಂದ ಅಣ್ಣ. ಅವಳಿಗೆ ವಿಮಾನ ಸಿಕ್ಕಿಲ್ಲ ಎಂದು ಹಠ ಹಿಡಿದು ಅಮ್ಮನನ್ನು ಎತ್ತಿಸಿದವಳು ನಾನು. ನೀನು ಇಳಿದದ್ದು ಎಂಟೂವರೆಗೆ. ಮುಖ ನೋಡೋಕೂ ಬಿಡಲಿಲ್ಲವಲ್ಲೋ ಎಂದು ನೀನು ಅಣ್ಣನ ಮೇಲೆ ಹರಿಹಾಯ್ದಾಗ ಅವನು ತಲೆ ತಗ್ಗಿಸಿ ನಿಂತ. ನಾನು ತುಟಿ ಬಿಚ್ಚಲಿಲ್ಲ. ನಾಲ್ಕು ವರ್ಷದಿಂದ ನೀನು ಅವನ ಜೊತೆ ಮಾತು ಬಿಟ್ಟಿದ್ದೀಯ.

ಇದನ್ನು ನಿನ್ನೆ ಅವನಿಗೆ ಓದಿ ಹೇಳಿದೆ. "ಕೊನೇ ತುಂಡು ಹರಿದುಹಾಕು. ಅವಳಿಗೆ ತಂಗಿನಾದ್ರೂ ಇರ್ಲಿ," ಎಂದ. ಹರಿಯದೆ ಕಳಿಸುತ್ತಿದ್ದೇನೆ.